ಜಂಜಂಬುರೆಗೆ ಹೊರಟವಳಿಗೆ

ಪ್ರೀತಿಯ ತಂಗೀ,

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ದೇಶದಲ್ಲಿ, ಗ್ಯಾಂಬಿಯಾ ನದಿಯ ನಡುಗಡ್ಡೆಯಲ್ಲಿರುವ ಜಂಜಂಬುರೆಗೆ ಹೋಗಿ ಬರೆಯಬೇಕೆಂದಿದ್ದೀಯ. ಸಂತೋಷ. ಕಾಗದದ ಜೊತೆ ಕಳಿಸಿದ ಮೊದಲ ಪುಟದ ಕರಡನ್ನೂ ಓದಿದೆ. ‘ಕಾಲ ನಿಂತುಹೋದ ಊರು’ ಎಂದು ಶುರುಮಾಡಿದ್ದೀಯಲ್ಲ, ಆ ಸಾಲನ್ನು ಇವತ್ತೇ ಹೊಡೆದುಹಾಕು. ಆ ಊರಿಗೆ ನೀನಿನ್ನೂ ಕಾಲಿಟ್ಟಿಲ್ಲ. ಬ್ರಿಟಿಷರು 1823ರಲ್ಲಿ ಅಲ್ಲಿ ನೆಲೆಯೂರಿ ಜಾರ್ಜ್‌ಟೌನ್ ಎಂದು ಹೆಸರಿಟ್ಟರು. ಹಡಗುಗಳಿಂದ ಬಿಡಿಸಿ ತಂದ ಗುಲಾಮರಲ್ಲಿ ಕೆಲವರನ್ನು ಅಲ್ಲಿ ನೆಲೆಗೊಳಿಸಿದರು. ಶೇಂಗಾ ವ್ಯಾಪಾರ ಬಂದು ಗೋದಾಮುಗಳು ಎದ್ದವು. ಆ ವ್ಯಾಪಾರ ಹೋಗಿ ಅವೇ ಗೋದಾಮುಗಳ ಸೂರು ಕುಸಿಯಿತು. 1995ರಲ್ಲಿ ಹಳೆಯ ಹೆಸರು ಮರಳಿತು. ಇನ್ನೂರು ವರ್ಷದಲ್ಲಿ ಇಷ್ಟೊಂದು ಕಂಡ ಊರಿನಲ್ಲಿ ಕಾಲ ನಿಂತಿದೆ ಎಂದು ಬರೆದರೆ ಅಲ್ಲಿಯ ಜನರಿಗೆ ಅನ್ಯಾಯ ಮಾಡಿದಂತೆ.

ನದಿ ಊರನ್ನು ಬರೆಯಲು ಮೊದಲು ನದಿಯ ಕೆಲಸ ಗೊತ್ತಿರಬೇಕು. ಯಾವ ಹೊತ್ತಿಗೆ ನೀರು ಯಾವ ಕಡೆ ಹರಿಯುತ್ತದೆ, ಏನು ಬರುತ್ತದೆ, ಏನು ಹೋಗುತ್ತದೆ, ತೂಕ ಹಾಕುವವರು ಯಾರು, ಲಾಭ ಯಾರಿಗೆ. ಸೂರ್ಯಾಸ್ತದ ವರ್ಣನೆ ಆಮೇಲೆ ನೋಡೋಣ.

ಹೋಗುವ ಕಾಲ ಮೊದಲು ಗೊತ್ತುಮಾಡು. ಅಲ್ಲಿ ಮಳೆ ಜೂನ್‌ನಿಂದ ಅಕ್ಟೋಬರ್‌ವರೆಗೆ. ಮಳೆ ಮುಗಿಯುವ ಹೊತ್ತಿಗೆ ಮಲೇರಿಯಾ ಜೋರು. ಮಾರ್ಚ್ ಕಳೆದರೆ ಒಳನಾಡಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಯಾರೂ ಮಾತಿಗೆ ಸಿಗುವುದಿಲ್ಲ. ಡಿಸೆಂಬರ್ ನಡುವಿನಿಂದ ಫೆಬ್ರವರಿಯವರೆಗೆ ಹೋಗು. ಸಹಾರಾ ಕಡೆಯಿಂದ ಹರ್ಮತಾನ್ ಗಾಳಿ ಬೀಸಿ ಗಂಟಲು ಒಣಗುತ್ತದೆ, ದೂಳಿನಿಂದ ದೂರದ ದಡ ಮಸುಕಾಗಿ ಕಾಣುತ್ತದೆ. ಆದರೆ ಶೇಂಗಾ ಮಾರಾಟ ನಡೆಯುವುದು ಆಗಲೇ, ನಿನಗೆ ಬೇಕಾದದ್ದೂ ಅದೇ.

ಹಳದಿ ಜ್ವರದ ಚುಚ್ಚುಮದ್ದನ್ನು ಸರಕಾರ ಗುರುತಿಸಿದ ಕೇಂದ್ರದಲ್ಲೇ, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊ. ಚುಚ್ಚುಮದ್ದಿನ ದಾಖಲೆಯ ಹಳದಿ ಪುಸ್ತಿಕೆ ಪಾಸ್‌ಪೋರ್ಟಿನ ಜೊತೆಗಿರಲಿ. ಅದಿಲ್ಲದೆ ವಾಪಸು ಬಂದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಇಳಿಸಿಕೊಂಡು 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ತುಂಬಾ ಜನ ಹೋಗುವ ದಾರಿಯನ್ನಷ್ಟೇ ಯೋಚಿಸಿ ಬರುವ ದಾರಿಯಲ್ಲಿ ಸಿಕ್ಕಿಬೀಳುತ್ತಾರೆ. ಮಲೇರಿಯಾ ಬಾರದಂತೆ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ತಗೊ. ಊರಿಗೆ ಬಂದಮೇಲೂ ಅವರು ಹೇಳಿದಷ್ಟು ದಿನ ನುಂಗು. ಜ್ವರ ಬರಲಿಲ್ಲ, ಊರು ಬಂತು ಎಂದು ನಡುವೆ ನಿಲ್ಲಿಸುವುದೇ ಅಪಾಯ. ಬರುವಾಗ ಜ್ವರವಿದ್ದರೆ ಆಫ್ರಿಕಾಕ್ಕೆ ಹೋಗಿದ್ದೆ ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳು.

ರಾಜಧಾನಿ ಬಾಂಜುಲ್ ಕಡೆಯಿಂದ ಊರು ಸುಮಾರು 300 ಕಿ.ಮೀ. ಒಳಗಿದೆ. ಬಾಂಜುಲ್ ಹತ್ತಿರದ ಸೆರೆಕುಂಡದಿಂದ ದಕ್ಷಿಣ ದಡದ ರಸ್ತೆಯಲ್ಲಿ ಸರಕಾರಿ ಬಸ್ಸು ಇದೆ. ಗೆಲಿಗೆಲಿ ಎಂಬ ವ್ಯಾನುಗಳೂ ಓಡುತ್ತವೆ. ವ್ಯಾನು ಹೊರಡುವುದು ಸೀಟು ತುಂಬಿದ ಮೇಲೆಯೇ, ಅದಕ್ಕೆ ಗಡಿಯಾರವಿಲ್ಲ. ನಸುಕಿಗೇ ನಿಲ್ದಾಣದಲ್ಲಿರು. ಕತ್ತಲಾದ ಮೇಲೆ ದನ, ಕತ್ತೆ ರಸ್ತೆಯಲ್ಲೇ ಮಲಗಿರುತ್ತವೆ. ರಾತ್ರಿ ಪ್ರಯಾಣ ಬೇಡ. ಬಸ್ಸು ನಡುಗಡ್ಡೆಯೊಳಗೆ ಹೋಗುತ್ತದೋ ಹೆದ್ದಾರಿ ಕವಲಿನಲ್ಲೇ ಇಳಿಸುತ್ತದೋ ಹತ್ತುವಾಗಲೇ ಕೇಳು. ದಾರಿಯುದ್ದಕ್ಕೂ ತಪಾಸಣೆ ಗೇಟುಗಳಿವೆ: ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ, ಫೋನು ಚೀಲದೊಳಗಿರಲಿ. ಪೊಲೀಸರ, ಸೈನಿಕರ ಫೋಟೊ ತೆಗೆಯಬಾರದು. ಹಣ ಕರಾವಳಿಯಲ್ಲೇ ಬದಲಾಯಿಸಿ ಸಣ್ಣ ದಲಾಸಿ ನೋಟುಗಳಾಗಿ ಇಟ್ಟುಕೊ.

ದಾರಿಯಲ್ಲಿ ಫಲಕಗಳನ್ನು ಓದುತ್ತಾ ಹೋಗು. ಅಲ್ಲಿಯ ಮಂಡಿಂಕ ಜನರ ಭಾಷೆಯಲ್ಲಿ ‘ಕುಂಡ’ ಎಂದರೆ ಒಂದು ಕುಟುಂಬದ ನೆಲೆ, ‘ತೆಂಡ’ ಎಂದರೆ ದೋಣಿ ಹಚ್ಚುವ ರೇವು. ಮಲೆನಾಡಿನಲ್ಲಿ ಮನೆತನದ ಹೆಸರಿಗೆ ‘ಮನೆ’ ಸೇರಿಸಿ ಊರು ಕರೆಯುವ ಹಾಗೆ. ಹೆಸರಿನ ಬಾಲವನ್ನು ನೋಡಿದರೆ ಯಾವ ಊರು ಮನೆತನದಿಂದ ಹುಟ್ಟಿತು, ಯಾವುದು ದೋಣಿಯಿಂದ ಹುಟ್ಟಿತು ಎಂದು ತಿಳಿಯುತ್ತದೆ.

ನಡುಗಡ್ಡೆಯ ದಕ್ಷಿಣಕ್ಕೆ ಸಂಕುಲೈ ಕುಂಡದ ಕಡೆ ಈಗ ಸೇತುವೆಯಿದೆ. ಉತ್ತರಕ್ಕೆ ಲಾಮಿನ್ ಕೋಟೊಗೆ ದಾಟುವುದು ಫೆರಿಯಲ್ಲಿ. ಈ ಎರಡರ ವ್ಯತ್ಯಾಸವೇ ಒಂದು ಅಧ್ಯಾಯದಷ್ಟಿದೆ. ಫೆರಿಯ ಕಡೆ ಜನ ಕಾಯುತ್ತಾರೆ. ಕಾಯುವಲ್ಲಿ ವ್ಯಾಪಾರವಿರುತ್ತದೆ, ಸುದ್ದಿಯಿರುತ್ತದೆ. ಸೇತುವೆ ಬಂದಲ್ಲಿ ಗಾಡಿ ನಿಲ್ಲದೆ ಹೋಗುತ್ತದೆ. ಕೆಳಗೆ ಫರಾಫೆನ್ನಿಯ ಹತ್ತಿರ 2019ರ ಜನವರಿಯಲ್ಲಿ ದೊಡ್ಡ ಸೆನೆಗ್ಯಾಂಬಿಯಾ ಸೇತುವೆ ತೆರೆದಾಗಲೂ ದಾಟುವವರಿಗೆ ದಿನಗಟ್ಟಲೆ ಕಾಯುವ ಕಷ್ಟ ತಪ್ಪಿತು. ಸೇತುವೆಯನ್ನು ಹಳಿಯಬೇಡ. ಹೆರಿಗೆ ನೋವಿನವಳನ್ನು ಆಸ್ಪತ್ರೆಗೆ ಒಯ್ಯುವವರಿಗೆ ಫೆರಿಯ ಸೊಗಸು ಬೇಕಿಲ್ಲ. ಆದರೆ ಫೆರಿ ನಿಲ್ಲುವ ಕಟ್ಟೆಯ ಮೇಲೆ ಕುಳಿತು ಮಾರುತ್ತಿದ್ದವರು ಈಗ ಎಲ್ಲಿ ಕುಳಿತಿದ್ದಾರೆ ಎಂದು ಹುಡುಕಿ ಹೋಗಿ ಕೇಳು.

ಈಗ ನೀರಿನ ಲೆಕ್ಕ. ಈ ನದಿ ಗಿನಿಯ ಫೂತಾ ಜಲೋನ್ ಎತ್ತರದಲ್ಲಿ ಹುಟ್ಟಿ 1,100 ಕಿ.ಮೀ.ಗೂ ಹೆಚ್ಚು ಹರಿಯುತ್ತದೆ, ಕೆಳಗಿನ ಭಾಗದಲ್ಲಿ ಇಳಿಜಾರೇ ಇಲ್ಲವೆನ್ನುವಷ್ಟು ಸಮತಟ್ಟು. ಹಾಗಾಗಿ ಕಡಲಿನ ಭರತ ಜಂಜಂಬುರೆಯನ್ನೂ ದಾಟಿ ಒಳಕ್ಕೆ ಹೋಗುತ್ತದೆ. ನಮ್ಮ ಅಘನಾಶಿನಿ ಹುಟ್ಟಿನಿಂದ ಕಡಲಿನವರೆಗೆ ಹರಿಯುವುದೇ ಸುಮಾರು 120 ಕಿ.ಮೀ. ಎಂದರೆ ಇದರ ಅಳತೆ ಹೊಳೆಯುತ್ತದೆ. ಉಪ್ಪು ಮಾತ್ರ ಅಷ್ಟು ದೂರ ಬರುವುದಿಲ್ಲ: ಬೇಸಿಗೆಯಲ್ಲಿ ಮೇಲೇರಿ ಮಳೆಗಾಲದಲ್ಲಿ ಕೆಳಗೆ ತಳ್ಳಿಸಿಕೊಳ್ಳುತ್ತದೆ, ಜಂಜಂಬುರೆಯಲ್ಲಿ ನೀರು ಸಿಹಿ. ಸಿಹಿನೀರು ದಿನಕ್ಕೆರಡು ಸಲ ಹಿಂದಕ್ಕೆ ಹರಿಯುವುದನ್ನು ಕಣ್ಣಾರೆ ನೋಡಿ ಅಳೆದು ಬರೆ.

ಅಳೆಯುವುದು ಕಷ್ಟವಲ್ಲ. ದರ್ಜಿಯ ಟೇಪಿನ ತುದಿಗೆ ಒಂದು ಕಲ್ಲು ಕಟ್ಟಿಕೊ. ಕಟ್ಟೆಯ ಮೇಲೆ ಒಂದೇ ಜಾಗ ಗುರುತುಮಾಡಿ ಅಲ್ಲಿಂದ ನೀರಿನ ಮೈಗೆ ಎಷ್ಟು ಎಂದು ಅರ್ಧ ಗಂಟೆಗೊಮ್ಮೆ ಬರೆ. ಭರತ ಏರಿ ಇಳಿಯುವ ಒಂದು ಸುತ್ತಿಗೆ 12 ಗಂಟೆ 25 ನಿಮಿಷ. ಬೆಳಗ್ಗೆ 6ಕ್ಕೆ ಕುಳಿತರೆ ಸಂಜೆ ಆರೂವರೆಯವರೆಗೆ ಏಳಬಾರದು, ಎದ್ದರೆ ಒಂದು ತಿರುವು ತಪ್ಪುತ್ತದೆ. ಫೆರಿ ಹೋದ ಕೂಡಲೇ ಅಳೆಯಬೇಡ, ಅಲೆ ಅಡಗಲಿ. ಹರಿವಿನ ದಿಕ್ಕಿಗೆ ಶೇಂಗಾ ಸಿಪ್ಪೆ ಎಸೆದು 10 ಮೀಟರ್ ಹೋಗಲು ಎಷ್ಟು ಸೆಕೆಂಡ್ ಎಂದು ಎಣಿಸು. ಮಟ್ಟ ಇಳಿಯತೊಡಗಿದ ಮೇಲೂ ಸ್ವಲ್ಪ ಹೊತ್ತು ಸಿಪ್ಪೆ ಮೇಲ್ಮುಖವಾಗಿಯೇ ಹೋಗಬಹುದು. ಲೆಕ್ಕ ತಪ್ಪಿತೆಂದು ತಿದ್ದಲು ಹೋಗಬೇಡ, ಉದ್ದನೆಯ ನದಿಗಳ ನಡತೆಯೇ ಹಾಗೆ. ಆ ಹನ್ನೆರಡು ಗಂಟೆಯಲ್ಲಿ ಕಟ್ಟೆಗೆ ಬಂದವರೆಲ್ಲ ನಿನ್ನನ್ನು ಮಾತಾಡಿಸುತ್ತಾರೆ. ಅರ್ಧ ಪುಸ್ತಕ ಅಲ್ಲೇ ಸಿಗುತ್ತದೆ. ನೀರಿಗೆ ಮಾತ್ರ ಇಳಿಯಬೇಡ. ಮೊಸಳೆ, ನೀರಾನೆಯ ಭಯ ಒಂದು. ಅದಕ್ಕಿಂತ ಸದ್ದಿಲ್ಲದ್ದು ಬಿಲ್‌ಹಾರ್ಜಿಯಾ ಎಂಬ ರೋಗ. ಬಸವನಹುಳುವಿನಿಂದ ಹೊರಬಿದ್ದ ಮರಿಹುಳು ಮೊಣಕಾಲು ನೀರಿನಲ್ಲಿ ನಿಂತರೂ ಚರ್ಮದೊಳಕ್ಕೆ ಹೊಕ್ಕುತ್ತದೆ.

ಈ ನದಿಯ ಮೇಲೆ ಹಿಂದೆ ಸರಕಾರಿ ಹಡಗು ಜನರನ್ನೂ ಅಂಚೆಯನ್ನೂ ಹೊತ್ತು ಓಡಾಡುತ್ತಿತ್ತು. ‘ಲೇಡಿ ಚಿಲೆಲ್ ಜವಾರಾ’ ಎಂಬ ಹಡಗು 1984ರಲ್ಲಿ ಮುಳುಗಿತು. ಅಷ್ಟರಲ್ಲಿ ಸಾಗಾಟ ರಸ್ತೆಗೆ ಹೊರಳಿತ್ತು. ದಡದ ಖಾಲಿ ಗೋದಾಮುಗಳ ಕಾರಣ ಇದು. ಕಾರಣ ಬರೆದ ಮೇಲೆ ‘ಪಾಳುಬಿದ್ದ ಸೌಂದರ್ಯ’ದಂಥ ಮಾತು ಬೇಕಾಗುವುದೇ ಇಲ್ಲ.

ಶೇಂಗಾ ವಿಷಯದಲ್ಲಿ ಚಳ್ಳಕೆರೆಯ ಹುಡುಗಿಯಾದ ನಿನಗೆ ಬೇರೆಯವರಿಗಿಲ್ಲದ ಕಣ್ಣಿದೆ. ಎಣ್ಣೆ ಗಾಣ, ಮಂಡಿ, ತೂಕದ ಮೋಸ ನೋಡುತ್ತಾ ಬೆಳೆದವಳು ನೀನು. 1830ರ ದಶಕದಿಂದ ಶುರುವಾಗಿ ಬಹುಕಾಲ ಆ ದೇಶದ ರಫ್ತೆಂದರೆ ಹೆಚ್ಚುಕಡಿಮೆ ಶೇಂಗಾವೇ ಆಗಿತ್ತು. ಖರೀದಿ ಕೇಂದ್ರಕ್ಕೆ ಅಲ್ಲಿ ‘ಸೆಕ್ಕೊ’ ಎನ್ನುತ್ತಾರೆ. ಅಲ್ಲಿಗೆ ಹೋಗಿ ಕೇಳು: ಒಂದು ಚೀಲಕ್ಕೆ ಎಷ್ಟು ಕಿಲೊ, ಕಸಕ್ಕೆ ಎಷ್ಟು ಕಳೆಯುತ್ತಾರೆ, ಹಣ ಅವತ್ತೇ ಸಿಗುತ್ತದೋ ಚೀಟಿ ಕೊಡುತ್ತಾರೋ, ಬಿತ್ತನೆ ಬೀಜ ಯಾರ ಸಾಲ. ಗಡಿಯಾಚೆ ಸೆನೆಗಲ್‌ನಲ್ಲಿ ಬೆಲೆ ಎಷ್ಟು ಎಂದೂ ಕೇಳು. ಅಗಲ 50 ಕಿ.ಮೀ.ಯನ್ನೂ ಮುಟ್ಟದ ದೇಶದಲ್ಲಿ ಗಡಿ ಯಾವಾಗಲೂ ಹತ್ತಿರ. ಸಂಜೆ ಊಟಕ್ಕೆ ದೊಮೊದ ಕೇಳು, ಅನ್ನದ ಮೇಲೆ ಶೇಂಗಾ ಅರೆದು ಕುದಿಸಿದ ಸಾರು. ಬೆಳೆ ಹಡಗಿಗೂ ಹೋಗುತ್ತದೆ, ತಟ್ಟೆಗೂ ಬರುತ್ತದೆ, ಎರಡನ್ನೂ ಬರೆ.

ಭತ್ತ ಹೆಂಗಸರದು. ಗಂಡಸರು ದಿಬ್ಬದ ಹೊಲದಲ್ಲಿ ಶೇಂಗಾ, ಸಜ್ಜೆ ಬೆಳೆದರೆ ತಗ್ಗಿನ ಕೆಸರುಗದ್ದೆ ಹೆಂಗಸರ ಕೈಯಲ್ಲಿ. ಜಂಜಂಬುರೆಗೆ ಹೋಗುವ ದಾರಿಯಲ್ಲೇ ಜಹಾಲಿ ಎಂಬ ಊರು ಸಿಗುತ್ತದೆ. 1980ರ ದಶಕದಲ್ಲಿ ಅಲ್ಲಿ ಜಹಾಲಿ–ಪಚಾರ್ ನೀರಾವರಿ ಯೋಜನೆ ಬಂದು ವರ್ಷಕ್ಕೆ ಎರಡು ಬೆಳೆ ತೆಗೆಯುವಂತಾಯಿತು. ಜೊತೆಗೆ ಜಗಳವೂ ಬಂತು. ಮಂಡಿಂಕ ಪದ್ಧತಿಯಲ್ಲಿ ‘ಕಮನ್ಯಾಂಗೊ’ ಎಂದರೆ ಬೆಳೆದವರಿಗೇ ಸೇರುವ ತುಂಡು, ‘ಮರುವೊ’ ಎಂದರೆ ಇಡೀ ಮನೆಗೆ ಸೇರುವ ಗದ್ದೆ, ಅದರ ಯಜಮಾನಿಕೆ ಗಂಡಸಿನದು. ಹೆಂಗಸರು ತಮ್ಮದೆಂದುಕೊಂಡ ನೆಲ ಯೋಜನೆಯೊಳಗೆ ಮನೆಯ ಗದ್ದೆಯಾಯಿತು. ದುಡಿಮೆ ಎರಡು ಬೆಳೆಗೆ ಹೆಚ್ಚಿತು, ಕೈಗೆ ಬರುವ ಭತ್ತದ ಮೇಲಿನ ಹಕ್ಕು ಕರಗಿತು. ಈ ಎರಡು ಶಬ್ದ ತಿಳಿದಿದ್ದರೆ ನಾಟಿ ಮಾಡುತ್ತಿರುವವಳ ಜೊತೆ ನಿನ್ನ ಮಾತು ‘ಎಷ್ಟು ಕಷ್ಟಪಡುತ್ತೀರಿ’ ಎಂಬಲ್ಲಿಗೆ ನಿಲ್ಲುವುದಿಲ್ಲ. ‘ಈ ಗದ್ದೆ ಯಾವುದು, ಕಮನ್ಯಾಂಗೊವೋ ಮರುವೊವೋ?’ ಎಂದು ಕೇಳು. ಉತ್ತರ ಉದ್ದವಿರುತ್ತದೆ, ಪುಟ ಖಾಲಿ ಇಟ್ಟುಕೊ.

ಮಾತು ಶುರುಮಾಡುವ ಕ್ರಮವೂ ಇದೆ. ಸಲಾಂ ಆದಮೇಲೆ ‘ಸುಮೋಲು ಲೇ?’ ಎನ್ನುತ್ತಾರೆ, ಮನೆಯವರೆಲ್ಲಿ ಎಂದರ್ಥ. ‘ಇ ಬೆ ಜೇ’ ಎನ್ನಬೇಕು, ಇದ್ದಾರೆ ಅಲ್ಲಿ ಎಂದು. ಇದಿಲ್ಲದೆ ಪ್ರಶ್ನೆಗೆ ಇಳಿದರೆ ಒರಟುತನ. ಸುತ್ತಲಿನ ಹಳ್ಳಿಗೆ ಹೋದರೆ ಮೊದಲು ಅಲ್ಕಾಲೊ, ಅಂದರೆ ಊರ ಯಜಮಾನರನ್ನು, ಕೋಲಾ ಕಾಯಿ ಹಿಡಿದು ಕಾಣು. ನೆರಳಲ್ಲಿ ಅತ್ತಾಯ ಚಹಾ ಕಾಯುತ್ತಿದ್ದರೆ ಕುಳಿತುಬಿಡು. ಹಸಿರು ಚಹಾವನ್ನು ಪುಟ್ಟ ಕೆಟಲಿನಲ್ಲಿ ಕುದಿಸಿ, ನೊರೆ ಬರುವಂತೆ ಎತ್ತರದಿಂದ ಹುಯ್ದು, ಮೂರು ಸುತ್ತು ಕೊಡುತ್ತಾರೆ. ಮೊದಲನೆಯದು ಕಹಿ, ಮೂರನೆಯದು ಪೂರ್ತಿ ಸಿಹಿ. ಎರಡನೆಯ ಸುತ್ತಿನವರೆಗೆ ಪುಸ್ತಕ ತೆಗೆಯಬೇಡ. ಮೂರನೆಯದಕ್ಕೆ ಮೊದಲು ಏಳಬೇಡ.

ತುಂಬ ಎಚ್ಚರ ಬೇಕಾದದ್ದು ಇನ್ನೊಂದಿದೆ. ದಡದ ಹಳೆಯ ಕಟ್ಟಡವೊಂದನ್ನು ‘ಗುಲಾಮರ ಮನೆ’ ಎಂದು ತೋರಿಸುತ್ತಾರೆ. ನೆಲಮಾಳಿಗೆಯಲ್ಲಿ ನಿಂತು ಕೇಳುವಾಗ ಕಣ್ಣು ಒದ್ದೆಯಾಗುತ್ತದೆ. ಆದರೆ ಲೆಕ್ಕ ಹಾಕು: ಬ್ರಿಟಿಷರು ಗುಲಾಮರ ವ್ಯಾಪಾರವನ್ನು ಕಾನೂನಿನಿಂದ ನಿಲ್ಲಿಸಿದ್ದು 1807ರಲ್ಲಿ, ಅವರು ಈ ಊರು ಕಟ್ಟಿದ್ದು 1823ರಲ್ಲಿ. ಆ ಕಟ್ಟಡ ವ್ಯಾಪಾರದ ಗೋದಾಮು, ಗುಲಾಮರನ್ನು ಕೂಡಿಟ್ಟ ಜಾಗವಲ್ಲ ಎಂದು ಇತಿಹಾಸಕಾರರು ಹೇಳುತ್ತಾರೆ. ಹಾಗೆಂದು ಮಾರ್ಗದರ್ಶಿಯನ್ನು ಸುಳ್ಳನೆಂದು ಬರೆದು ಗೆದ್ದೆ ಎಂದುಕೊಳ್ಳಬೇಡ. ಈ ನದಿಯಲ್ಲಿ ಶತಮಾನಗಳ ಕಾಲ ಜನರನ್ನು ಹಿಡಿದು ಸಾಗಿಸಿದ್ದು ನಿಜ, ಓಡಿಬಂದವರು ಈ ನಡುಗಡ್ಡೆಯಲ್ಲಿ ಬಿಡುಗಡೆ ಹುಡುಕಿದ್ದೂ ನಿಜ. ಆ ನೆನಪಿಗೆ ನಿಲ್ಲಲು ಒಂದು ಗೋಡೆ ಬೇಕಿತ್ತು, ಈ ಗೋಡೆ ಸಿಕ್ಕಿತು. ಎರಡನ್ನೂ ಒಂದೇ ಪುಟದಲ್ಲಿ ಹೇಳು. ಇದಕ್ಕಾಗಿ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಪ್ರತಿ ಸಾಲಿಗೂ ಗುರುತು ಹಾಕು: ಕಂಡದ್ದಕ್ಕೆ ‘ಕ’, ಕೇಳಿದ್ದಕ್ಕೆ ‘ಕೇ’, ಬೇರೆಡೆ ತಾಳೆ ನೋಡಿದ್ದಕ್ಕೆ ‘ತಾ’. ಅವತ್ತಿನ ರಾತ್ರಿಯೇ ಹಾಕಬೇಕು. ಒಂದು ವಾರ ಕಳೆದರೆ ಕೇಳಿದ್ದೆಲ್ಲ ಕಂಡಂತೆಯೇ ನೆನಪಾಗುತ್ತದೆ. ಬಾಂಜುಲ್‌ಗೆ ಮರಳಿದಾಗ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಒಂದು ದಿನ ಇಟ್ಟುಕೊ.

ಕಂಕುರಾಂಗ್ ಬಗ್ಗೆಯೂ ಹುಷಾರಾಗಿರು. ಫಾರಾ ಮರದ ನಾರು ತೊಟ್ಟು, ಕೈಯಲ್ಲಿ ಎರಡು ಮಚ್ಚು ಹಿಡಿದು ಬರುವ ಈ ವೇಷ ಮಂಡಿಂಕ ಹುಡುಗರ ದೀಕ್ಷೆಯ ಕಾವಲು. ಯುನೆಸ್ಕೊ 2005ರಲ್ಲಿ ಇದನ್ನು ಮಾನವಕುಲದ ಪರಂಪರೆ ಎಂದು ಗುರುತಿಸಿತು. ಉತ್ಸವದಲ್ಲಿ ಅದನ್ನು ಎಲ್ಲರೂ ನೋಡಬಹುದು. ದೀಕ್ಷೆಯ ಕಾಲದಲ್ಲಿ ನಿಜವಾದ ಕಂಕುರಾಂಗ್ ಹೊರಟರೆ ಹೆಂಗಸರು ಮನೆಯೊಳಗೆ ಸರಿಯುತ್ತಾರೆ. ನೀನೂ ಸರಿ, ಕ್ಯಾಮೆರಾ ಎತ್ತಬೇಡ. ಒಳಗೆ ಕುಳಿತ ಹೆಂಗಸರ ಮಧ್ಯೆ ಏನು ನಡೆಯುತ್ತದೆ ಎಂಬುದು ಹೊರಗಿದ್ದ ಯಾವ ಗಂಡಸು ಬರಹಗಾರನಿಗೂ ಸಿಗದ ಸಂಗತಿ.

ಒಂದು ದಿನ ಫೆರಿ ದಾಟಿ ವಾಸು ಎಂಬ ಊರಿನಲ್ಲಿರುವ, ಪ್ರಾಚೀನ ಕಲ್ಲುಕಂಬಗಳ ವೃತ್ತ ನೋಡಿ ಬಾ, ಅದೂ ವಿಶ್ವಪರಂಪರೆಯ ತಾಣ. ಆ ಕಂಬಗಳು ಜಂಬಿಟ್ಟಿಗೆ ಕಲ್ಲಿನವು, ನಮ್ಮ ಕರಾವಳಿಯವರು ಮನೆ ಕಟ್ಟುವ ಅದೇ ಕೆಂಪುಕಲ್ಲು: ನೆಲದಲ್ಲಿರುವಾಗ ಮೆತ್ತಗೆ ಕಡಿಯಲು ಬರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ನೈಜರ್ ನದಿ ಹುಡುಕಿಹೋದ ಸ್ಕಾಟ್ಲೆಂಡಿನ ಅನ್ವೇಷಕ ಮುಂಗೋ ಪಾರ್ಕ್‌ನ ಸ್ಮಾರಕ ಕರಂತಬಾದಲ್ಲಿದೆ, ಅಲ್ಲಿಗೆ ಹೊತ್ತು ಸಿಕ್ಕರೆ ಹೋಗು, ಸಿಗದಿದ್ದರೆ ನಷ್ಟವಿಲ್ಲ. ನದಿಯಲ್ಲಿರುವ ಚಿಂಪಾಂಜಿಗಳ ದ್ವೀಪಗಳಲ್ಲಿ ಇಳಿಯಲು ಬಿಡುವುದಿಲ್ಲ. ಇನ್ನೂ ಹತ್ತಿರ ಹೋಗೋಣ ಎಂದು ದೋಣಿಯವನನ್ನು ಒತ್ತಾಯಿಸಬೇಡ.

ಫೋಟೊ ತೆಗೆಸಿಕೊಂಡವರಿಗೆ ಪ್ರತಿ ಕಳಿಸುತ್ತೇನೆ ಎಂದಿದ್ದರೆ ಕಳಿಸಲೇಬೇಕು. ಕಳಿಸುವ ಮನಸ್ಸಿಲ್ಲದಿದ್ದರೆ ಹೇಳಲೇಬೇಡ. ಬಂದಮೇಲೆ ಕರಡು ನನಗೆ ತಕ್ಷಣ ಬೇಡ. ಮೊದಲು ಆ ಹನ್ನೆರಡೂವರೆ ಗಂಟೆಯ ನೀರಿನ ಲೆಕ್ಕದ ಹಾಳೆ ಕಳಿಸು, ಎದುರಿಗೆ ಆ ಹೊತ್ತಿಗೆ ಕಟ್ಟೆಯ ಮೇಲೆ ಯಾರಿದ್ದರು ಎಂದೂ ಬರೆದಿರಲಿ.

ನಿನ್ನ ಅಕ್ಕ