ತೆಂಗಿನ ನಾರು ಕೇಳಿದರೆ ಪ್ಲಾಸ್ಟಿಕ್ ಬಲೆ ಕೊಟ್ಟವರಿಗೆ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ (ನಿಮ್ಮಲ್ಲಿ ಅಂಥದ್ದೊಂದು ಇದ್ದರೆ)

ಇಂದ: ನಿಮ್ಮ ಗ್ರಾಹಕಿ, ಪರ್ಕಳ, ಉಡುಪಿ

ವಿಷಯ: ಬಯೋಡಿಗ್ರೇಡಬಲ್ ತೆಂಗಿನ ನಾರಿನ ಭೂವಸ್ತ್ರದ (ಮಣ್ಣು ಕೊಚ್ಚಿಹೋಗದಂತೆ ಇಳಿಜಾರಿಗೆ ಹೊದಿಸುವ ಚಾಪೆ) ಹೆಸರಲ್ಲಿ ಬೇರೆ ಮಾಲು ಕೊಟ್ಟದ್ದರ ಬಗ್ಗೆ

ಮಾನ್ಯರೇ,

ಸಿಟ್ಟು ಮಾಡದೆ ಬರೆಯಬೇಕು ಅಂತ ಕೂತಿದ್ದೇನೆ. ಎಷ್ಟರ ಮಟ್ಟಿಗೆ ಆಗುತ್ತದೋ ನೋಡೋಣ. ಫೋನಿನಲ್ಲಿ ಮರ್ಯಾದೆಯಿಂದ ಹೇಳಿ ಆಯಿತು. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ ಆಯಿತು. ನಿಮ್ಮವರು ನೀಲಿ ಟಿಕ್ ಕೊಟ್ಟರು, ಉತ್ತರ ಕೊಡಲಿಲ್ಲ.

ನಮ್ಮ ಮನೆ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು ಇದೆ. ಮೇಲೆ ಮುರಕಲ್ಲು, ಅದರಡಿ ಶೇಡಿ ಮಣ್ಣು. ಒಣಗಿದ್ದಾಗ ಗಟ್ಟಿ ನಿಲ್ಲುವ ಶೇಡಿ, ನೀರು ಬಿದ್ದರೆ ಕರಗಿ ಇಳಿಯುತ್ತದೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೇರೆ. ಟಾರ್ಪಾಲು ಹೊದಿಸಿ ಅಂದವರಿದ್ದರು. ಅದರಡಿ ಹುಲ್ಲು ಹುಟ್ಟುವುದಿಲ್ಲ, ಒಂದು ಗಾಳಿ ಬಂದರೆ ಹಾರಿ ಪಕ್ಕದ ಮನೆಯ ಹಂಚಿನ ಮೇಲಿರುತ್ತದೆ. ಸೆಣಬಿನ ಚಾಪೆ ಅಗ್ಗ, ಆದರೆ ನಮ್ಮ ಮಳೆಗೆ ಬೇಗ ಕೊಳೆಯುತ್ತದೆ. ತೆಂಗಿನ ನಾರಿನಲ್ಲಿ ಬೇಗ ಕೊಳೆಯಲು ಬಿಡದ ಲಿಗ್ನಿನ್ ಜಾಸ್ತಿ, ಎರಡು ಮೂರು ವರ್ಷ ತಾಳುತ್ತದೆ. ಮಳೆಹನಿಯ ಪೆಟ್ಟು ತಡೆಯುತ್ತದೆ, ಪಸೆ ಹಿಡಿದಿಡುತ್ತದೆ. ಅಷ್ಟರಲ್ಲಿ ನೆಟ್ಟ ಲಾವಂಚ ಬೇರು ಬಿಟ್ಟು ಮಣ್ಣು ಹಿಡಿದುಕೊಂಡರೆ, ಆಮೇಲೆ ನಾರು ಕೊಳೆತು ಗೊಬ್ಬರವಾದರೂ ಚಿಂತೆ ಇಲ್ಲ. ಇದೆಲ್ಲ ನಿಮ್ಮ ಕರಪತ್ರದಲ್ಲೂ ಇದೆ. ಚೆನ್ನಾಗಿಯೇ ಬರೆದಿದ್ದೀರಿ. ಬರೆದವರು ನಿಮ್ಮ ಗೋದಾಮಿಗೆ ಕಾಲಿಟ್ಟಂತೆ ಮಾತ್ರ ಕಾಣುವುದಿಲ್ಲ.

ನಾನು ಆರ್ಡರ್ ಕೊಟ್ಟದ್ದು 700 ಜಿಎಸ್‌ಎಂನ ನೇಯ್ದ ಭೂವಸ್ತ್ರ. ಬಿಲ್ಲಿನಲ್ಲೂ ಹಾಗೇ ಇದೆ, ಐಎಸ್ 15869 ಅನ್ನುವ ನಂಬರಿನ ಸಮೇತ. ಅದು ನಾರಿನ ಹುರಿಯನ್ನು ಬಿಡಿಬಿಡಿಯಾಗಿ ನೇಯ್ದ ಚಾಪೆಯ ಮಾನದಂಡ ಅಂತ ನಿಮಗೆ ಗೊತ್ತೇ ಇರುತ್ತದೆ. ಬಂದದ್ದು ನೇಯ್ದದ್ದೇ ಅಲ್ಲ. ಉದುರು ನಾರನ್ನು ಎರಡು ತೆಳು ಬಲೆಗಳ ನಡುವೆ ಹರಡಿ ಹೊಲಿದದ್ದು. ಕೇಳಿದರೆ, ಹಾಕಲು ಬಂದ ನಿಮ್ಮ ಹುಡುಗರು "ಇದು ಹೊಸ ಮಾಡೆಲ್ ಅಮ್ಮ, ಇನ್ನೂ ಸ್ಟ್ರಾಂಗ್" ಅಂದರು. ಬರೆಯ ತಲೆಯಲ್ಲಿ ಕಾಲುವೆ ತೋಡಿ ಚಾಪೆಯ ಅಂಚು ಹೂಳಬೇಕಲ್ವಾ? ಅದನ್ನೂ ಮಾಡಲಿಲ್ಲ. ಅಲ್ಲೊಂದು ಇಲ್ಲೊಂದು ಪಿನ್ ಹೊಡೆದು, ಕೂಲಿ ಎಣಿಸಿಕೊಂಡು ಹೋದರು.

ಜೂನ್‌ನ ಮೊದಲ ದೊಡ್ಡ ಮಳೆಗೆ ಒಳಗಿನ ನಾರು ತೊಳೆದುಹೋಗಿ ತೋಡು ಸೇರಿತು. ಬಲೆ ಉಳಿಯಿತು. ಶೇಡಿ ಬಾವಿಕಟ್ಟೆಯ ತನಕ ಇಳಿಯಿತು. ಆಮೇಲೊಂದು ಬೆಳಿಗ್ಗೆ ನೋಡಿದರೆ ಬಲೆಯಲ್ಲಿ ಕೇರೆ ಹಾವು. ಬಲೆಯ ಒಂದು ಕಣ್ಣಿನೊಳಗೆ ತಲೆ ತೂರಿಸಿ, ಹಿಂದೆ ಬರಲಾಗದೆ ಮುಂದಿನ ಕಣ್ಣಿಗೆ ನುಗ್ಗಿ ಸಿಕ್ಕಿಬಿದ್ದಿತ್ತು. ಬಲೆಯ ಎಳೆ ಅದರ ಮೈಯನ್ನು ಕೊರೆದು ಒಳಗೆ ಕೂತಿತ್ತು. ಪಕ್ಕದ ಮನೆಯ ಹುಡುಗ ಅದರ ತಲೆಗೆ ಗೋಣಿ ಹಾಕಿ ಹಿಡಿದ. ನಾನು ಸಣ್ಣ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿದೆ. ಪುಣ್ಯಕ್ಕೆ ಬದುಕಿ ಹೋಯಿತು. ನೇಯ್ದ ನಾರಿನ ಹುರಿಯಾದರೆ ಸರಿದು ದಾರಿ ಬಿಡುತ್ತದೆ. ಈ ಬಲೆಯ ಕಣ್ಣು ಸರಿಯುವುದಿಲ್ಲ.

ಆ ಎಳೆಗಳನ್ನು ಪೊಟ್ಟಣ ಕಟ್ಟಿಕೊಂಡು, ಹಾಕಿ ಉಳಿದ ರೋಲಿನಿಂದ ಮೀಟರ್ ಉದ್ದ ಮೀಟರ್ ಅಗಲದ ಒಂದು ತುಂಡನ್ನೂ ಕತ್ತರಿಸಿಕೊಂಡು ಮಂಗಳೂರಿನ ನಿಮ್ಮ ಮಳಿಗೆಗೆ ಬಂದೆ. ಅಲ್ಲಿ ನಡೆದದ್ದನ್ನು ಪೂರ್ತಿ ಬರೆಯುತ್ತೇನೆ. ನಿಮ್ಮ ಕ್ಯಾಮೆರಾದಲ್ಲಿ ಮಾತು ರೆಕಾರ್ಡ್ ಆಗುವುದಿಲ್ಲವಂತೆ, ಅದನ್ನೂ ನಿಮ್ಮ ಮ್ಯಾನೇಜರೇ ಹೇಳಿದ್ದು.

ಅವರ ಎದುರಿನ ಕುರ್ಚಿಯಲ್ಲಿ ಅವರ ಹೆಲ್ಮೆಟ್ ಕೂತಿತ್ತು. ಅದನ್ನು ತೆಗೆಯಲಿಲ್ಲ, ಹಾಗಾಗಿ ನಿಂತೇ ಮಾತಾಡಿದೆ. "ಮೇಡಂ, ಮನೆಯಲ್ಲಿ ಗಂಡಸರು ಯಾರಿದ್ದಾರೆ? ಅವರಿಗೆ ಹೇಳಿದ್ರೆ ಬೇಗ ಅರ್ಥ ಆಗ್ತದೆ" ಅಂದರು. ದುಡ್ಡು ಕೊಟ್ಟದ್ದು ನಾನು, ಅರ್ಥವೂ ನನಗೇ ಆಗಲಿ ಅಂದೆ. ತುಂಡು ತೂಗಿಸಿದೆ. 410 ಗ್ರಾಂ. ಒಂದು ಚದರ ಮೀಟರ್ 700 ಗ್ರಾಂ ತೂಗಿದರೆ ತಾನೇ 700 ಜಿಎಸ್‌ಎಂ? "ಒಣಗಿದೆ ಅಮ್ಮ, ಅದಕ್ಕೆ ತೂಕ ಕಮ್ಮಿ." ಅಷ್ಟು ಹೊತ್ತಿಗೆ ಅಮ್ಮ ಆಗಿದ್ದೆ. ಜುಲೈ ತಿಂಗಳು, ಹೊರಗೆ ರಸ್ತೆ ಕಾಣದಷ್ಟು ಮಳೆ. ಹಾಗಾದ್ರೆ ಉಳಿದ 290 ಗ್ರಾಂ ನೀರಿಗೂ ಜಿಎಸ್‌ಟಿ ಹಾಕಿದ್ದೀರಾ ಅಂತ ಕೇಳಿದೆ. ಶೀಟು ಕೊಳ್ಳಲು ಬಂದಿದ್ದ ಒಬ್ಬರು ನಕ್ಕರು. ಮ್ಯಾನೇಜರಿಗೆ ಸಿಟ್ಟು ಏರಿದ್ದು ಅಲ್ಲಿಂದ.

ಬಲೆ ಪ್ಲಾಸ್ಟಿಕ್ ಅಲ್ವಾ ಅಂದೆ. "ಬಯೋ ಪ್ಲಾಸ್ಟಿಕ್. ನಿಮಗೆ ಗೊತ್ತಾಗುದಿಲ್ಲ." ಸರ್ಟಿಫಿಕೇಟ್ ತೋರಿಸಿ ಅಂದೆ. "ಹೆಡ್ ಆಫೀಸಿನಲ್ಲಿದೆ." ಗಣಪತಿ ಫೋಟೊದ ಕೆಳಗಿದ್ದ ಬೆಂಕಿಪೆಟ್ಟಿಗೆ ತೆಗೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ನಿಂತೆ. ಮೊದಲು ನಾರಿಗೆ ಕಡ್ಡಿ ಹಿಡಿದೆ, ಉರಿದು ಬೂದಿಯಾಯಿತು. ಬಲೆಯ ಎಳೆ ಮುದುಡಿ, ಕರಗಿ, ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಮಣಿ ಕಟ್ಟಿತು. ಮೇಣದ ವಾಸನೆ. ಬೆಂಕಿಗೆ ಕರಗುವ ಬಯೋ ಪ್ಲಾಸ್ಟಿಕ್ಕೂ ಇರುತ್ತದೆ, ಗೊತ್ತು. ಆದರೆ ನಿಮ್ಮ ರೋಲಿನ ಒಳಗೆ ಸಿಕ್ಕ ಕಾರ್ಖಾನೆ ಚೀಟಿಯಲ್ಲಿ "ಪಿಪಿ ನೆಟ್" ಅಂತ ಅಚ್ಚಾಗಿದೆ. ಪಿಪಿ ಅಂದರೆ ಪಾಲಿಪ್ರೊಪಿಲೀನ್. ಚೀಟಿ ಮುಂದಿಟ್ಟೆ.

"ಅಂಗಡಿಗೆ ಬೆಂಕಿ ಹಚ್ಲಿಕ್ಕೆ ಬಂದದ್ದಾ ಅಜ್ಜಿ?" ಅಂತ ಕೂಗಿದರು. ಆಮೇಲೆ ಬಿಲ್ಲು ಬರೆಯುವ ಹುಡುಗನ ಕಡೆ ತಿರುಗಿ "ಈ ಅಜ್ಜಿಗ್ ಮರ್ಲ್" ಅಂದರು, ಅಂದರೆ ಈ ಅಜ್ಜಿಗೆ ಹುಚ್ಚು. ಕನ್ನಡದಲ್ಲೇ ಮಾತಾಡಿದ್ದಕ್ಕೆ ನನಗೆ ತುಳು ಬಾರದು ಅಂದುಕೊಂಡಿರಬೇಕು. ತುಳುವಿನಲ್ಲೇ ಉತ್ತರ ಕೊಟ್ಟು ಬಂದೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೇಕಿದ್ದರೆ ಅವರನ್ನೇ ಕೇಳಿ.

ಹೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು ಆದರೆ ಏನು ಮಾಡಬೇಕು ಅಂತ ನಿಮ್ಮ ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿದೆ. ನಿಮ್ಮದೇ ನಿಯಮ, ನಾನು ಓದಿ ಹೇಳಬೇಕಾಗಿಲ್ಲ. ಮಾಲಿನ ಹಣ, ಹಾಕಿದ ಕೂಲಿ ಎರಡೂ ವಾಪಸ್ ಬರಬೇಕು. ಬಲೆಯನ್ನು ನಿಮ್ಮವರೇ ಬಂದು ಒಂದು ಎಳೆಯೂ ಉಳಿಯದಂತೆ ಬಿಡಿಸಿ ಒಯ್ಯಬೇಕು.

ಒಂದು ವಾರ ಕಾಯುತ್ತೇನೆ. ಆಮೇಲೆ ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಮಾಲಿಗೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ನನಗೆ ಪರ್ಕಳದಿಂದ ಬಸ್ಸು ಇದೆ, ಪುರುಸೊತ್ತೂ ಇದೆ. ಮಂಗಳೂರಿನಿಂದ ತಾರೀಕು ತಾರೀಕಿಗೆ ಬರಬೇಕಾದವರು ನೀವು. ಹಸಿರು, ಪರಿಸರಸ್ನೇಹಿ ಅಂತ ಸುಮ್ನೆ ಬರೆದು ಮಾರುವವರಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲೇ ಮಾರ್ಗಸೂಚಿ ತಂದಿದೆ, ಅಲ್ಲಿಗೂ ಒಂದು ದೂರು ಹೋಗುತ್ತದೆ. ಐಎಸ್ ನಂಬರು ಹಾಕಿದ್ದೀರಲ್ಲ, ಹಾಗಾಗಿ ಆ ಮಾನದಂಡ ಮಾಡುವ ಬಿಐಎಸ್‌ಗೂ ಒಂದು. ತೆಂಗಿನ ನಾರಿನ ಉದ್ಯಮ ನೋಡಿಕೊಳ್ಳುವ ಕೊಚ್ಚಿಯ ಕಾಯರ್ ಬೋರ್ಡಿಗೂ ಒಂದು. ಹಾವಿನ ಫೋಟೊ ಅರಣ್ಯ ಇಲಾಖೆಗೆ.

ನಿಮ್ಮ ಮ್ಯಾನೇಜರನ್ನೂ ಆಯೋಗದ ಮುಂದೆ ಕರೆಸಲು ಕೇಳುತ್ತೇನೆ. ಅಲ್ಲಿ ಕುರ್ಚಿ ಸಿಗುವ ಗ್ಯಾರಂಟಿ ಇಲ್ಲ ಅಂತ ಈಗಲೇ ಹೇಳಿಡಿ.

ಇತಿ,
ನೀವು ಮೇಡಂ, ಅಮ್ಮ, ಅಜ್ಜಿ ಅಂತ ಕರೆದವಳು

ಜೊತೆಗೆ: ಬಿಲ್ಲಿನ ಪ್ರತಿ, ಕಾರ್ಖಾನೆ ಚೀಟಿಯ ಫೋಟೊ, ಹಾವಿನ ಫೋಟೊ, ಬಲೆಯ ಒಂದು ಸಣ್ಣ ತುಂಡು. ಉಳಿದದ್ದು ಆಯೋಗಕ್ಕೆ ಬೇಕು, ನನ್ನ ಹತ್ತಿರವೇ ಇದೆ.