ಆ ರಾತ್ರಿ ಬೆಂಚಿನ ಮೇಲೆ ಕೂತವರಿಗೆ

ಹೋದ ವಾರ ನಮ್ಮ ಸಂಶೋಧನಾ ಪೇಪರ್ ಪ್ರಕಟವಾಯಿತು. ಘಟ್ಟದಲ್ಲಿ ಸಿಕ್ಕ ಹೊಸ ಜಾತಿಯ ನಮ್ಮ ಗಿಡಕ್ಕೆ ಈಗ ಒಂದು ಹೆಸರಿದೆ. ಫೋನ್ ಮಾಡಿದವರು, ಮೆಸೇಜ್ ಹಾಕಿದವರು, ಮಾನಸಗಂಗೋತ್ರಿಯಲ್ಲಿ ದಾರಿ ಅಡ್ಡಗಟ್ಟಿ ಮೈಸೂರು ಪಾಕ್ ಕೇಳಿದವರು, ಎಲ್ಲರಿಗೂ ಒಬ್ಬೊಬ್ಬರಾಗಿ ಉತ್ತರಿಸಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಗಿಡ ಸಿಕ್ಕ ಜಾಗ ಮಾತ್ರ ಕೇಳಬೇಡಿ. ಘಟ್ಟದ ಒಂದು ಹಳ್ಳದ ಪಕ್ಕ ಎರಡು ಚಾಪೆ ಹಾಸುವಷ್ಟು ನೆಲ ಅದು. ನಾಲ್ಕು ಜನ ನೋಡಲು ಹೋದರೆ ಕಾಲ್ತುಳಿತಕ್ಕೇ ಮುಗಿದುಹೋಗುತ್ತದೆ.

ಹೊಸಬರಿಗೆ ಎರಡು ಮಾತು. ಈ ಗಿಡದಲ್ಲಿ ಹಸಿರೇ ಇಲ್ಲ. ಅಪ್ಪ ಮೊದಲ ಸಲ ಕೇಳಿದಾಗ "ನಮ್ಮ ಮಾವಿನ ಮರದ ಬದನಿಕೆ ತರಾನಾ?" ಅಂದಿದ್ದರು. ಬದನಿಕೆಗೆ ಹಸಿರು ಎಲೆ ಇದೆ, ಮರದಿಂದ ನೀರು ಎಳೆದುಕೊಂಡರೂ ಬಿಸಿಲಲ್ಲಿ ತನ್ನ ಅಡುಗೆ ತಾನು ಮಾಡಿಕೊಳ್ಳುತ್ತದೆ. ಇದಕ್ಕೆ ಆ ಕೆಲಸವೇ ಮರೆತುಹೋಗಿದೆ. ಮಣ್ಣಿನೊಳಗೆ ಅಣಬೆ ಜಾತಿಯ ಸಣ್ಣ ನೂಲುಗಳು ಮರದ ಬೇರಿಗೆ ನೀರು, ರಂಜಕ ತಂದುಕೊಟ್ಟು ಬದಲಿಗೆ ಸಕ್ಕರೆ ಪಡೆಯುತ್ತವಲ್ಲ, ಆ ನೂಲಿನಿಂದಲೇ ಇದು ತನ್ನ ಊಟ ತೆಗೆದುಕೊಳ್ಳುತ್ತದೆ. ವರ್ಷವೆಲ್ಲ ನೆಲದೊಳಗೆ ಇರುತ್ತದೆ. ಮಳೆಗಾಲದಲ್ಲಿ ಕೆಲವೇ ದಿನ ಹೂವು ಮೇಲೆ ಬರುತ್ತದೆ, ಅದೂ ತರಗೆಲೆಯ ಕೆಳಗೆ, ಹೆಬ್ಬೆರಳಿನ ಉಗುರಿನಷ್ಟು.

ಮೊದಲ ವರ್ಷ ಸಿಕ್ಕಿದ್ದು ಒಂದೇ ಹೂವು. ಅದನ್ನು ಪೇಪರಿನ ನಡುವೆ ಒತ್ತಿಟ್ಟೆವು, ಒಂದು ಕಂದು ಕಲೆ ಉಳಿಯಿತು. ಎರಡನೇ ಮಳೆಗಾಲದಲ್ಲಿ ಒಂದೂ ಏಳಲಿಲ್ಲ. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ತಿಸ್ಮಿಯಾ ನೆಪ್ಚುನಿಸ್ ಎಂಬ ಇಂಥದ್ದೇ ಗಿಡದ ಕತೆ. ಬೋರ್ನಿಯೋ ದ್ವೀಪದ ಸರವಾಕ್‌ನಲ್ಲಿ 1866ರಲ್ಲಿ ಇಟಲಿಯ ಸಸ್ಯಶಾಸ್ತ್ರಜ್ಞ ಒಡೊಆರ್ಡೊ ಬೆಕ್ಕಾರಿ ಅದನ್ನು ನೋಡಿ ಚಿತ್ರ ಬರೆದಿಟ್ಟರು. ಮತ್ತೆ ಅದು ಕಣ್ಣಿಗೆ ಬಿದ್ದಿದ್ದು 2017ರಲ್ಲಿ, 151 ವರ್ಷ ಆದಮೇಲೆ. ನಾನು ಕಾಯುತ್ತಿರುವುದು ಎರಡೇ ವರ್ಷ ಅಲ್ವಾ ಅಂದುಕೊಂಡೆ.

ನನ್ನ ಸಂಶೋಧನೆಯ ಗೈಡ್‌ಗೆ, ಜಿಗಣೆ ಕಿತ್ತುಕೊಳ್ಳುತ್ತಾ ಜೊತೆಗೆ ನಡೆದ ಅರಣ್ಯ ಇಲಾಖೆಯ ವಾಚರ್‌ಗಳಿಗೆ, ಡಿಎನ್‌ಎ ಕೆಲಸಕ್ಕೆ ರಜಾದಿನ ಬಿಟ್ಟುಕೊಟ್ಟ ಗೆಳತಿಗೆ, ಗಿಡಗಳ ಮಾದರಿ ಕಾಪಿಡುವ ಹರ್ಬೇರಿಯಂನಲ್ಲಿ ಹಳೇ ಬಾಟಲಿಗಳನ್ನು ಬೇಸರವಿಲ್ಲದೆ ತೆಗೆದುಕೊಟ್ಟವರಿಗೆ ಕೈ ಮುಗಿಯುತ್ತೇನೆ.

ಇನ್ನು ಮೇಷ್ಟ್ರು. ಸರಸ್ವತಿಪುರಂನಲ್ಲಿ ನಾನು ಬಾಡಿಗೆಗಿರುವ ಮನೆಯ ಕೆಳಗಡೆ ಇರುವವರು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು.

ಮೂರನೇ ಮಳೆಗಾಲದಲ್ಲಿ ಐದು ಹೂವು ಎದ್ದವು. ಅದೇ ದಿನ ಮಂಡ್ಯದಿಂದ ಅಪ್ಪನ ವಿಷಯಕ್ಕೆ ಫೋನ್ ಬಂತು. ಏನಾಯಿತು ಅಂತ ನಿಮಗೆಲ್ಲ ಗೊತ್ತು. ನಾನು ಘಟ್ಟ ಬಿಟ್ಟು ಬರುವಷ್ಟರಲ್ಲಿ ಅವರನ್ನು ಮೈಸೂರಿನ ಆಸ್ಪತ್ರೆಗೆ ಕರೆತಂದಿದ್ದರು. ಮೂರು ಹೂವನ್ನು ಕಾಡಿನಲ್ಲೇ ಸ್ಪಿರಿಟ್‌ಗೆ ಹಾಕಿದ್ದೆವು, ಒಂದನ್ನು ಬೀಜಕ್ಕೆ ಅಲ್ಲೇ ಬಿಟ್ಟಿದ್ದೆವು. ಇನ್ನೊಂದು ನನ್ನ ಬ್ಯಾಗಿನಲ್ಲಿತ್ತು, ಸ್ಟೀಲ್ ಡಬ್ಬಿಯಲ್ಲಿ, ಒದ್ದೆ ಪಾಚಿಯ ಮೇಲೆ. ಸ್ಪಿರಿಟ್‌ನಲ್ಲಿ ಬಣ್ಣ ಉಳಿಯುವುದಿಲ್ಲ. ಬಣ್ಣ ಬರೆದಿಡಲು ತಾಜಾ ಹೂವೇ ಬೇಕು, ಅದು ಬೆಳಗಿನವರೆಗೆ ತಡೆಯುವ ಹಾಗಿರಲಿಲ್ಲ.

ಇದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ. ಅಪ್ಪ ಬಾಗಿಲಿನ ಆಚೆ ಮಲಗಿದ್ದರು, ಅಮ್ಮ ನನ್ನ ಭುಜಕ್ಕೆ ಒರಗಿದ್ದಳು, ನಾನು ಡಬ್ಬಿಯ ಬಗ್ಗೆ ಯೋಚಿಸುತ್ತಿದ್ದೆ. ಎಂಥ ಮಗಳು ನಾನು ಅನ್ನಿಸಿತು. ಎದ್ದು ಕಸದ ಬುಟ್ಟಿಯ ತನಕ ಹೋದೆ. ಮುಚ್ಚಳವನ್ನೂ ತೆಗೆದಿದ್ದೆ.

ಅಷ್ಟರಲ್ಲಿ ಮೇಷ್ಟ್ರು ಬಂದರು, ಅಮ್ಮನಿಗೆ ಫ್ಲಾಸ್ಕಿನಲ್ಲಿ ಗಂಜಿ ತಂದಿದ್ದರು. ಕೈಯಲ್ಲಿದ್ದ ಡಬ್ಬಿ ನೋಡಿ "ಏನದು?" ಅಂದರು. ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಅವರು ಡಬ್ಬಿ ಈಸಿಕೊಂಡು, "ನೀನು ಅಪ್ಪನ ಹತ್ತಿರ ಇರು. ಇದನ್ನ ನಾನು ನೋಡ್ಕೋತೀನಿ" ಅಂದರು. ಸ್ಕೂಟರಿನಲ್ಲಿ ಮನೆಗೆ ಹೋಗಿ ಬಣ್ಣ, ಬ್ರಷ್, ಪೇಪರ್ ಓದುವ ಭೂತಗನ್ನಡಿ ತಂದರು. ಕಾರಿಡಾರಿನ ಟ್ಯೂಬ್‌ಲೈಟ್ ಕೆಳಗೆ ಬೆಂಚಿನ ಮೇಲೆ ಕೂತವರು ಬೆಳಗಿನ ಜಾವ ಐದು ಗಂಟೆಗೆ ಎದ್ದರು.

ನಾನು ಹೊರಗೆ ಬಂದಾಗಲೆಲ್ಲ ಏನು ನೋಡಬೇಕು ಅಂತ ಹೇಳಿ ಹೋಗುತ್ತಿದ್ದೆ: ದಳದ ತುದಿ, ಬಾಯಿಯ ಉಂಗುರ, ಒಳಗೆ ನೇತಾಡುವ ಆರು ಕೇಸರ. ಹೂವು ಗಳಿಗೆಗೊಂದು ಬಣ್ಣಕ್ಕೆ ತಿರುಗುತ್ತಿತ್ತು, ಅದಕ್ಕೆ ಅಂಚಿನಲ್ಲಿ ಪ್ರತಿ ಬಣ್ಣದ ಪಕ್ಕ ಸಮಯ ಬರೆದಿದ್ದರು. "12.40, ಜೇನಿನ ಬಣ್ಣ." "3.10, ಅಂಚು ಕಪ್ಪಾಗ್ತಿದೆ." ಒಂದು ಸಲ ಬಂದು ನೋಡಿದರೆ ಅಮ್ಮ ಅವರ ಪಕ್ಕ ಕೂತು, ಎರಡೂ ಕೈಯಲ್ಲಿ ಮೊಬೈಲ್ ಟಾರ್ಚ್ ಹಿಡಿದಿದ್ದಳು. ಕೈ ನಡುಗಬಾರದು ಅಂತ ಉಸಿರು ಬಿಗಿ ಹಿಡಿದಿದ್ದಳು. ನನಗೆ ಆಗ ಸ್ವಲ್ಪ ಧೈರ್ಯ ಬಂತು.

ಎರಡು ಗಂಟೆ ಹೊತ್ತಿಗೆ ಮೇಷ್ಟ್ರು ಕರೆದು, "ಈ ಉಂಗುರದ ಒಳಮೈಯಲ್ಲಿ ಸಣ್ಣ ಕೂದಲಿದೆ ಕಣಮ್ಮ, ಆರು ಕಡೆ ಮಾತ್ರ. ನೀನು ಹೇಳಲಿಲ್ಲ. ಬರೀಲಾ?" ಅಂದರು. ನಾನು ಅದನ್ನು ನೋಡಿಯೇ ಇರಲಿಲ್ಲ. ಸ್ಪಿರಿಟ್‌ನಲ್ಲಿದ್ದ ಹೂವುಗಳಲ್ಲಿ ಆ ಕೂದಲು ಗೋಡೆಗೆ ಅಂಟಿಹೋಗಿತ್ತು. ಅವರ ಚಿತ್ರ ಇತ್ತು ಅಂತ ಮೈಕ್ರೋಸ್ಕೋಪಿನಲ್ಲಿ ಹುಡುಕಿದೆವು, ಮೂರರಲ್ಲೂ ಸಿಕ್ಕಿತು. ಹತ್ತಿರದ ಸಂಬಂಧಿಯಿಂದ ನಮ್ಮ ಗಿಡ ಯಾಕೆ ಬೇರೆ ಅಂತ ಪೇಪರಿನಲ್ಲಿ ಬರೆದ ಮೊದಲ ಸಾಲೇ ಆ ಕೂದಲಿನದು.

ಅಪ್ಪ ಈಗ ಕೋಲು ಹಿಡಿದು ನಾಲೆ ಏರಿಯ ತನಕ ಹೋಗಿ ಬರುತ್ತಾರೆ. ಮಾತು ನಿಧಾನ. ಭಾನುವಾರ ಪ್ರಿಂಟ್ ತೋರಿಸಿದಾಗ ತುಂಬಾ ಹೊತ್ತು ನೋಡಿ, "ಬದನಿಕೆ ಅಲ್ಲ" ಅಂದರು.

ಮೂಲ ಚಿತ್ರ ನೀವೇ ಇಟ್ಟುಕೊಳ್ಳಿ ಅಂತ ಮೇಷ್ಟ್ರಿಗೆ ಹೇಳಿದ್ದೆ. ಬೇಡ, ಗಿಡದ ಜೊತೆಗೇ ಇರಲಿ ಅಂದರು. ಹಾಗೇ ಮಾಡಿದ್ದೇವೆ. ಬಾಟಲಿ ಇರುವ ಬೀರುವಿನಲ್ಲಿ, ಅದೇ ನಂಬರಿನ ಕೆಳಗೆ ಇದೆ. ಅವರು ಮೊಬೈಲ್‌ನಲ್ಲಿ ಇದನ್ನೆಲ್ಲ ಓದುವವರಲ್ಲ. ಸಂಜೆ ಕೆಳಗೆ ಹೋಗಿ ನಾನೇ ಓದಿ ಹೇಳುತ್ತೇನೆ.