ಭಕ್ತಿ ಹೆಚ್ಚಾದರೆ ಬಡತನವೇ?

ಮಾನ್ಯರೇ,

ದೇವರನ್ನು ನಂಬುವುದರಿಂದಲೇ ದೇಶ ಬಡವಾಗುತ್ತದೆ ಎನ್ನುವವರು ಎತ್ತಿನ ಮುಂದೆ ಗಾಡಿ ಕಟ್ಟುತ್ತಿದ್ದಾರೆ. ಗ್ಯಾಲಪ್ ಎಂಬ ಅಭಿಪ್ರಾಯ ಸಮೀಕ್ಷಾ ಸಂಸ್ಥೆ 2009ರಲ್ಲಿ ಹಲವು ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ನಿತ್ಯಜೀವನಕ್ಕೆ ಧರ್ಮ ಮುಖ್ಯ ಎಂದವರು ಬಾಂಗ್ಲಾದೇಶದಲ್ಲಿ ಶೇ 99ರಷ್ಟು, ಸ್ವೀಡನ್‌ನಲ್ಲಿ ಶೇ 17. ಸರಿ, ಸಿರಿವಂತ ಅಮೆರಿಕದಲ್ಲಿ ಶೇ 65 ಏಕೆ? ಸ್ವೀಡನ್‌ನಲ್ಲಿ ಕಾಯಿಲೆ ಬಿದ್ದರೆ ಸರ್ಕಾರ ನೋಡಿಕೊಳ್ಳುತ್ತದೆ. ಅಮೆರಿಕದಲ್ಲಿ ಆಸ್ಪತ್ರೆ ಬಿಲ್ಲಿಗೇ ದಿವಾಳಿಯಾದವರಿದ್ದಾರೆ. ಕಷ್ಟಕಾಲಕ್ಕೆ ಆಸರೆ ಇಲ್ಲದ ಕಡೆ ಜನ ದೇವರನ್ನು ಗಟ್ಟಿಯಾಗಿ ಹಿಡಿಯುತ್ತಾರೆ; ಭಕ್ತಿಯಿಂದ ಬಡತನವಲ್ಲ, ಅಭದ್ರತೆಯಿಂದ ಭಕ್ತಿ.

ಅಪ್ಪನ ಆಪರೇಷನ್ನಿಗೆ ಮುನ್ನ ಅಮ್ಮ ಖರ್ಚಿನ ಅಂದಾಜು ಚೀಟಿಯನ್ನು ದೇವರ ಗೂಡಿನಲ್ಲಿಟ್ಟು, ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿದ್ದಳು. ವಿಮೆ ಇರಲಿಲ್ಲ. ಇದ್ದಿದ್ದರೂ ಕಟ್ಟುತ್ತಿದ್ದಳೇನೋ, ಗಂಟು ಹಾಕುವಾಗ ಕೈ ಅಷ್ಟು ನಡುಗುತ್ತಿರಲಿಲ್ಲ.

– ನಿವೃತ್ತ ಶಿಕ್ಷಕಿ, ಸಾಗರ